ಕಲ್ಲಿನ ಶಿಲ್ಪಕ್ಕೆ ಕಂಚಿನ ಮೆರುಗು: ಫೋಟೊದಲ್ಲಿ ಲೋಹದ ರೂಪ ತರುವ ಬಗೆ

ದೇವಾಲಯಗಳಲ್ಲಿ ಶಿಲ್ಪಗಳ ಚಿತ್ರ ತೆಗೆಯುವವರು, ಮಣ್ಣಿನಲ್ಲಿ ಮಾದರಿ ಮಾಡುವ ಕಲಾವಿದ್ಯಾರ್ಥಿಗಳು, ಊರಿನ ವೃತ್ತದಲ್ಲಿ ಪ್ರತಿಮೆ ನಿಲ್ಲಿಸಲು ಹೊರಟ ಸಮಿತಿಯವರು, ಆಮಂತ್ರಣ ಪತ್ರಿಕೆಗಳ ವಿನ್ಯಾಸಕಾರರು, ಇವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಈ ಮೂರ್ತಿಯ ಫೋಟೊ ಕಂಚಿನಂತೆ ಕಾಣಬೇಕು, ಏನು ಮಾಡಲಿ?’ ಪ್ರಶ್ನೆಯ ಜೊತೆಗೆ ತಾವು ಮಾಡಿ ನೋಡಿದ ಚಿತ್ರವನ್ನೂ ಕಳುಹಿಸುತ್ತಾರೆ. ಹೆಚ್ಚಿನ ಚಿತ್ರಗಳಲ್ಲಿ ಮೂರ್ತಿಗೆ ಕಂದು ಅಥವಾ ಹಳದಿ ಬಣ್ಣ ಬಂದಿರುತ್ತದೆ, ಲೋಹ ಬಂದಿರುವುದಿಲ್ಲ. ಬಣ್ಣ ಬಳಿದ ಕಲ್ಲಿನಂತೆ ಕಾಣುತ್ತದೆ.

ಕಾರಣ ಇಷ್ಟೇ. ಲೋಹವನ್ನು ಕಣ್ಣು ಗುರುತಿಸುವುದು ಬಣ್ಣದಿಂದಲ್ಲ, ಬೆಳಕು ಮತ್ತು ಕತ್ತಲು ಅದರ ಮೈಮೇಲೆ ಹಂಚಿಕೊಂಡಿರುವ ರೀತಿಯಿಂದ. ಆದ್ದರಿಂದ ಬಣ್ಣ ಕೊಡುವ ಕೆಲಸ ಕೊನೆಯದು. ಅದಕ್ಕೂ ಮೊದಲು, ಚಿತ್ರ ಇನ್ನೂ ಕಪ್ಪು ಬಿಳುಪಿನಲ್ಲಿರುವಾಗಲೇ, ಅದು ಲೋಹವಾಗಿರಬೇಕು. ಈ ಲೇಖನದ ಎಲ್ಲ ಹಂತಗಳೂ ಆ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ಒಂದು ತಂಬಿಗೆಯನ್ನು ನೋಡಿ

ಕಂಪ್ಯೂಟರ್ ತೆರೆಯುವ ಮುನ್ನ ಮನೆಯಲ್ಲಿರುವ ಹಿತ್ತಾಳೆ ತಂಬಿಗೆಯನ್ನೋ ತಾಮ್ರದ ಚೊಂಬನ್ನೋ ಹುಣಸೆಹಣ್ಣು ಹಚ್ಚಿ ತೊಳೆದು, ಕಿಟಕಿಯ ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆಯಿರಿ. ಅದರ ಪಕ್ಕದಲ್ಲೇ ಒಂದು ಮಣ್ಣಿನ ಕುಡಿಕೆ ಇರಲಿ. ಆ ಫೋಟೊವನ್ನು ಕಪ್ಪು ಬಿಳುಪಿಗೆ ತಿರುಗಿಸಿ. ಈಗ ಬಣ್ಣ ಹೋಗಿದೆ, ಆದರೂ ಯಾವುದು ಲೋಹ, ಯಾವುದು ಮಣ್ಣು ಎಂಬುದರಲ್ಲಿ ಸಂಶಯವೇ ಬರುವುದಿಲ್ಲ.

ಕುಡಿಕೆಯ ಮೇಲೆ ಬೆಳಕು ಕಿಟಕಿಯ ಕಡೆಯಿಂದ ಆಚೆ ಕಡೆಗೆ ನಿಧಾನವಾಗಿ ಮಂಕಾಗುತ್ತ ಹೋಗುತ್ತದೆ. ತಂಬಿಗೆಯ ಮೇಲೆ ಹಾಗಾಗುವುದಿಲ್ಲ. ಒಂದು ಬೆಳ್ಳನೆಯ ಪಟ್ಟಿ, ಅದಕ್ಕೆ ಅಂಟಿಕೊಂಡೇ ಒಂದು ಕಡುಗಪ್ಪು ಪಟ್ಟಿ, ಮತ್ತೆ ನಸುಬೆಳಕು, ಮತ್ತೆ ಕತ್ತಲು. ಕಲ್ಲು, ಮಣ್ಣು, ಗಾರೆ ಇವೆಲ್ಲ ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಲೋಹ ಚೆದುರಿಸುವುದಿಲ್ಲ, ಸುತ್ತಲಿನ ಆಕಾಶ, ನೆಲ, ಗೋಡೆಗಳನ್ನು ಪ್ರತಿಫಲಿಸುತ್ತದೆ. ಆ ಪಟ್ಟಿಗಳು ಕಿಟಕಿಯ ಮತ್ತು ಕೋಣೆಯ ಪ್ರತಿಬಿಂಬಗಳು.

ಇನ್ನೊಂದು ವ್ಯತ್ಯಾಸವನ್ನು ಬಣ್ಣದ ಚಿತ್ರದಲ್ಲಿ ನೋಡಬೇಕು. ನಯಗೊಳಿಸಿದ ಕಲ್ಲಿನ ಮೇಲಿನ ಮಿನುಗು ಬೆಳಕಿನದೇ ಬಣ್ಣದ್ದು, ಅಂದರೆ ಬಹುಮಟ್ಟಿಗೆ ಬಿಳಿ. ತಾಮ್ರ, ಹಿತ್ತಾಳೆ, ಚಿನ್ನದ ಮೇಲಿನ ಮಿನುಗು ಆ ಲೋಹದ ಬಣ್ಣವನ್ನೇ ಹೊತ್ತಿರುತ್ತದೆ. ಎಂಟನೆಯ ಹಂತದಲ್ಲಿ ಈ ಮಾತು ಮತ್ತೆ ಬರುತ್ತದೆ. ತಂಬಿಗೆಯ ಫೋಟೊವನ್ನು ಅಳಿಸಬೇಡಿ. ಕೆಲಸ ಮಾಡುವಾಗ ಪಕ್ಕದಲ್ಲಿ ತೆರೆದಿರಲಿ.

ಏನೇನು ಬೇಕು

ತಂತ್ರಾಂಶವಾಗಿ ಗಿಂಪ್ ಸಾಕು. ಅದು ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. 2.10 ಆವೃತ್ತಿಯಲ್ಲೂ ಕೆಳಗಿನ ಎಲ್ಲ ಹಂತಗಳನ್ನು ಮಾಡಬಹುದು. 2025ರಲ್ಲಿ ಬಂದ 3.0 ಆವೃತ್ತಿ ಇದ್ದರೆ ಹೆಚ್ಚಿನ ಫಿಲ್ಟರ್‌ಗಳನ್ನು ಹಾಕಿದ ಮೇಲೂ ಮತ್ತೆ ತೆರೆದು ತಿದ್ದಬಹುದು ಎಂಬ ಅನುಕೂಲವಿದೆ. ಫೋಟೊಶಾಪ್ ಅಥವಾ ಕ್ರಿಟಾ ಬಳಸುವವರಿಗೂ ಇವೇ ಸಲಕರಣೆಗಳು ಸ್ವಲ್ಪ ಬೇರೆ ಜಾಗಗಳಲ್ಲಿ ಸಿಗುತ್ತವೆ. ಮೆನುಗಳ ಹೆಸರನ್ನು ಪರದೆಯ ಮೇಲೆ ಕಾಣುವ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಮೌಸ್ ಇದ್ದರೆ ಸಾಕು. ಚಿತ್ರ ಬರೆಯುವ ಪೆನ್ ಟ್ಯಾಬ್ಲೆಟ್ ಇದ್ದರೆ ಏಳನೆಯ ಹಂತ ಸುಲಭವಾಗುತ್ತದೆ. ಫೋಟೊದ ಉದ್ದನೆಯ ಬದಿ ಕನಿಷ್ಠ 2000 ಪಿಕ್ಸೆಲ್ ಇರಲಿ.

ಉದಾಹರಣೆಗಾಗಿ ಹೊಯ್ಸಳರ ಬಳಪದ ಕಲ್ಲಿನ ಶಿಲ್ಪವನ್ನು ಇಟ್ಟುಕೊಳ್ಳೋಣ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಯಾವ ಮೂರ್ತಿಯಾದರೂ ಆದೀತು. ಈ ಕಲ್ಲು ಮೆದು, ಕಣ ಸಣ್ಣದು, ಆಭರಣದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಡೆಯಲ್ಪಟ್ಟಿರುತ್ತದೆ. ಮೇಣದ ಅಚ್ಚಿನಿಂದ ಎರಕ ಹೊಯ್ದ ಪಂಚಲೋಹದ ಮೂರ್ತಿಗಳಲ್ಲಿ ಕಾಣುವ ಕುಸುರಿಗೆ ಇದು ತುಂಬ ಹತ್ತಿರ. ಹಾಗಾಗಿ ಲೋಹದ ರೂಪ ಇದಕ್ಕೆ ಒಪ್ಪುತ್ತದೆ. ಒರಟು ಕಣದ ಗ್ರಾನೈಟ್ ಮೂರ್ತಿಗಳಲ್ಲಿ ಶ್ರಮ ಎರಡರಷ್ಟಾಗುತ್ತದೆ. ಕಲಿಯುವಾಗ ಅವುಗಳ ತಂಟೆಗೆ ಹೋಗಬೇಡಿ. ಜೇಡಿಮಣ್ಣಿನ ಅಥವಾ ಪ್ಲಾಸ್ಟರ್ ಮಾದರಿಗಳು ಎಲ್ಲಕ್ಕಿಂತ ಸುಲಭ.

ಹಂತ 1: ಸರಿಯಾದ ಫೋಟೊ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ ಅಥವಾ ಇಲ್ಲೇ ಕೆಡುತ್ತದೆ. ಕಲ್ಲಿನ ಶಿಲ್ಪಕ್ಕೆ ಓರೆಬಿಸಿಲು ಚೆಂದ ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕೆಲಸಕ್ಕೆ ಅದೇ ಶತ್ರು. ಬಿಸಿಲಿನಲ್ಲಿ ಮೂಗಿನ ನೆರಳು ಕೆನ್ನೆಯ ಮೇಲೆ, ಕೈಯ ನೆರಳು ಎದೆಯ ಮೇಲೆ ಹರಿತವಾದ ಅಂಚಿನೊಂದಿಗೆ ಬೀಳುತ್ತದೆ. ಮೆರುಗಿನ ಲೋಹದ ಮೇಲೆ ಇಂಥ ನೆರಳು ಸ್ಪಷ್ಟವಾಗಿ ಮೂಡುವುದೇ ಇಲ್ಲ, ಏಕೆಂದರೆ ನೆರಳು ಕಾಣಲು ಬೆಳಕು ಚೆದುರಬೇಕು. ಬಿದ್ದ ನೆರಳು ಚಿತ್ರದಲ್ಲಿದ್ದರೆ ಮುಂದೆ ಏನು ಮಾಡಿದರೂ ನೋಡುವವರಿಗೆ ಕಲ್ಲೇ ಕಾಣುತ್ತದೆ.

ಮೋಡ ಮುಚ್ಚಿದ ದಿನ ಅಥವಾ ತೆರೆದ ಆಕಾಶ ಎದುರಿಗಿರುವ ನೆರಳು ಒಳ್ಳೆಯದು. ಹೊಯ್ಸಳೇಶ್ವರ ದೇವಾಲಯ ಪೂರ್ವಾಭಿಮುಖವಾದುದರಿಂದ ಅದರ ಪಶ್ಚಿಮದ ಗೋಡೆ ಬೆಳಿಗ್ಗೆ ನೆರಳಿನಲ್ಲಿರುತ್ತದೆ, ಎದುರಿಗೆ ಬಯಲು ಆಕಾಶವಿರುತ್ತದೆ. ಆಗ ಬೆಳಕು ಮೃದುವಾಗಿ, ಆದರೆ ಒಂದು ದಿಕ್ಕಿನಿಂದ ಬರುತ್ತದೆ. ಬೇಲೂರಿನ ಮದನಿಕೆಯರು ಸೂರಿನ ಅಡಿಯಲ್ಲಿ ಎತ್ತರದಲ್ಲಿರುವುದರಿಂದ ಕೆಳಗಿನಿಂದ ತೆಗೆದ ಚಿತ್ರಗಳಲ್ಲಿ ಗಲ್ಲ, ಮೊಣಕೈಗಳೇ ಮುಂದಾಗುತ್ತವೆ. ದೂರ ನಿಂತು ಉದ್ದ ಲೆನ್ಸ್ ಬಳಸಿ.

ಫ್ಲ್ಯಾಷ್ ಬೇಡ. ಅದು ಎದುರಿನಿಂದಲೇ ಬಿದ್ದು ಮೂರ್ತಿಯ ಉಬ್ಬುತಗ್ಗುಗಳನ್ನು ಚಪ್ಪಟೆ ಮಾಡುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಬೇಕಿದ್ದರೆ ಮೊದಲೇ ಅನುಮತಿ ಕೇಳಿ.

ಎಚ್ಚರಿಕೆ: ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರವನ್ನು ಬಳಸಬೇಡಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕುಗ್ಗಿಸಿಡಲಾಗುತ್ತದೆ. ಹೆಚ್ಚು ಕುಗ್ಗಿದ ಚಿತ್ರದಲ್ಲಿ ಆ ಚೌಕಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳವು, ಆದರೆ ಆರನೆಯ ಹಂತದಲ್ಲಿ ಅವು ಎದ್ದು ಬಂದು ಮೂರ್ತಿಯ ಕೆನ್ನೆಯ ಮೇಲೆ ಜಾಲರಿಯಂತೆ ಕೂರುತ್ತವೆ. ಕಳುಹಿಸುವವರಿಗೆ ‘ಡಾಕ್ಯುಮೆಂಟ್ ಆಗಿ ಕಳುಹಿಸಿ’ ಎಂದು ಹೇಳಿ.

ಹಂತ 2: ಕಡತವನ್ನು ಸಿದ್ಧಗೊಳಿಸುವುದು

ಚಿತ್ರವನ್ನು ಗಿಂಪ್‌ನಲ್ಲಿ ತೆರೆದು, ಇಮೇಜ್ > ಪ್ರಿಸಿಷನ್ ಮೆನುವಿನಲ್ಲಿ 16 ಬಿಟ್ ಆರಿಸಿ. ಮಾಮೂಲಿ 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ. ಬೆಳಕನ್ನು ಜೋರಾಗಿ ಎಳೆದಾಡಿದಾಗ ಮೆಟ್ಟಿಲುಗಳ ನಡುವೆ ಬಿರುಕು ಬಿಟ್ಟು ನಯವಾದ ಜಾಗದಲ್ಲಿ ಪಟ್ಟೆಗಳು ಕಾಣುತ್ತವೆ. 16 ಬಿಟ್‌ನಲ್ಲಿ 65,536 ಮೆಟ್ಟಿಲುಗಳಿರುವುದರಿಂದ ನಾವು ಮಾಡುವ ತಿದ್ದುಪಡಿಗಳಿಂದ ಹೊಸ ಪಟ್ಟೆ ಹುಟ್ಟುವುದಿಲ್ಲ.

ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ. ಮೂಲ ಪದರವನ್ನು ಬೀಗ ಹಾಕಿ ಕೆಳಗಿಟ್ಟು, ಅದರ ಪ್ರತಿಯೊಂದನ್ನು ಮಾಡಿ ‘ಶುಚಿ’ ಎಂದು ಹೆಸರಿಡಿ. ಪದರ ಅಥವಾ ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಿದ್ದ ಹಾಗೆ. ಮೇಲಿನದನ್ನು ಕೆಡಿಸಿದರೂ ಕೆಳಗಿನದು ಸುರಕ್ಷಿತ. ಲೇಯರ್ ಗ್ರೂಪ್ ಒಂದನ್ನು ತೆರೆದು, ಇನ್ನು ಮುಂದಿನ ಎಲ್ಲ ಪದರಗಳನ್ನು ಅದರೊಳಗೆ ಇಡಿ.

ಹಂತ 3: ಮೂರ್ತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು

ಗೋಡೆಗೆ ಅಂಟಿದ ಉಬ್ಬುಶಿಲ್ಪವಾದರೆ ಈ ಹಂತವನ್ನು ಬಿಟ್ಟುಬಿಡಬಹುದು. ಹಿಂದಿನ ಗೋಡೆಯೂ ಲೋಹವಾಗಲಿ, ಲೋಹದ ಫಲಕದಂತೆ ಕಾಣುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ದಾರಿ ಒಳ್ಳೆಯದು.

ಬಿಡಿಯಾಗಿ ನಿಂತ ಮೂರ್ತಿಯಾದರೆ ಫೋರ್‌ಗ್ರೌಂಡ್ ಸೆಲೆಕ್ಟ್ ಸಲಕರಣೆಯಿಂದ ಒರಟಾಗಿ ಆಯ್ದುಕೊಂಡು, ಶಿಫ್ಟ್ ಮತ್ತು ಕ್ಯೂ ಕೀಲಿಗಳನ್ನು ಒತ್ತಿ ಬರುವ ಕ್ವಿಕ್ ಮಾಸ್ಕ್‌ನಲ್ಲಿ ಬ್ರಷ್‌ನಿಂದ ಅಂಚುಗಳನ್ನು ತಿದ್ದಿ. ಕಿರೀಟ, ಬೆರಳುಗಳ ನಡುವಿನ ಸಂದು, ಪ್ರಭಾವಳಿಯ ರಂಧ್ರಗಳನ್ನು ದೊಡ್ಡದಾಗಿಸಿ ನೋಡಿ. ಆಯ್ಕೆಯ ಅಂಚನ್ನು 1 ಅಥವಾ 2 ಪಿಕ್ಸೆಲ್ ಮಾತ್ರ ಮೃದುಗೊಳಿಸಿ, ಇಡೀ ಗ್ರೂಪ್‌ಗೆ ಮಾಸ್ಕ್ ಆಗಿ ಸೇರಿಸಿ. ಮಾಸ್ಕ್ ಎಂದರೆ ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವ ಕಪ್ಪು ಬಿಳುಪಿನ ಮುಸುಕು. ಬಿಳಿ ಇದ್ದಲ್ಲಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ.

ಎಚ್ಚರಿಕೆ: ಮೂರ್ತಿಯ ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಮುಂದೆ ಚಿತ್ರವನ್ನು ಮಸುಕುಗೊಳಿಸುವಾಗ ಆ ಬಿಳುಪು ಅಂಚಿನೊಳಕ್ಕೆ ಸೋರುತ್ತದೆ. ಅದನ್ನು ತಡೆಯಲು ‘ಶುಚಿ’ ಪದರದಲ್ಲಿ ಕ್ಲೋನ್ ಸಲಕರಣೆಯಿಂದ ಕಲ್ಲಿನ ಮೈಯನ್ನು ಅಂಚಿನಿಂದ ಹೊರಕ್ಕೆ 30 ಪಿಕ್ಸೆಲ್‌ನಷ್ಟು ಹರಡಿಬಿಡಿ. ಹೊರಗಿನದನ್ನು ಮಾಸ್ಕ್ ಹೇಗೂ ಮರೆಮಾಡುತ್ತದೆ.

ಹಂತ 4: ಕಲ್ಲಿನ ಗುರುತುಗಳನ್ನು ಅಳಿಸುವುದು

ಈ ಹಂತವನ್ನು ಬಿಟ್ಟವರ ಚಿತ್ರಗಳೇ ನನಗೆ ಹೆಚ್ಚು ಬರುತ್ತವೆ. ಪಾಚಿ, ಕಲ್ಲುಹೂವು, ಮಳೆನೀರಿನ ಬಿಳಿ ಗೆರೆ, ಸುಣ್ಣದ ಕಲೆ, ಹಕ್ಕಿಯ ಹಿಕ್ಕೆ, ಕಲ್ಲಿನೊಳಗಿನ ಬಣ್ಣದ ಎಳೆ, ಇವೆಲ್ಲವೂ ಕಲ್ಲಿನ ಸಹಿ. ಹೀಲ್ ಸಲಕರಣೆಯಿಂದ ಒಂದೊಂದನ್ನೇ ಅಳಿಸಿ. ನೆನಪಿಡಿ: ಆಕಾರದ ಏರಿಳಿತ ಉಳಿಯಬೇಕು, ಬಣ್ಣದ ಏರಿಳಿತ ಹೋಗಬೇಕು. ಒಂದು ಕಪ್ಪು ಮಚ್ಚೆ ಕಂಡರೆ, ಅದು ಗುಂಡಿಯೋ ಕಲೆಯೋ ಎಂದು ಕೇಳಿಕೊಳ್ಳಿ. ಗುಂಡಿಯಾದರೆ ಬಿಡಿ, ಕಲೆಯಾದರೆ ತೆಗೆಯಿರಿ.

ಆಮೇಲೆ ಕಲ್ಲಿನ ಕಣವನ್ನು ನಯಗೊಳಿಸಬೇಕು. ಫಿಲ್ಟರ್ಸ್ > ಬ್ಲರ್ > ಸೆಲೆಕ್ಟಿವ್ ಗಾಸಿಯನ್ ಬ್ಲರ್ ತೆರೆಯಿರಿ. ಇದು ಹತ್ತಿರ ಹತ್ತಿರದ ಛಾಯೆಗಳನ್ನು ಮಾತ್ರ ಬೆರೆಸುತ್ತದೆ, ಉಳಿಯ ಅಂಚುಗಳನ್ನು ಮುಟ್ಟುವುದಿಲ್ಲ. ತ್ರಿಜ್ಯ 5, ಮ್ಯಾಕ್ಸ್ ಡೆಲ್ಟಾ 0.1ರಿಂದ ಆರಂಭಿಸಿ, ತೊಡೆ ಮತ್ತು ತೋಳಿನಂಥ ಬಯಲು ಜಾಗಗಳಲ್ಲಿ ಕಣ ಮಾಯವಾಗುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸಿ. ಹಾರದ ಮಣಿಗಳು ಒಂದಕ್ಕೊಂದು ಅಂಟಲು ಶುರುವಾದರೆ ಹೆಚ್ಚಾಯಿತೆಂದು ಅರ್ಥ, ಹಿಂದಕ್ಕೆ ಬನ್ನಿ.

ಇಲ್ಲಿ ಒಂದು ಕಳಕಳಿಯ ಮಾತು. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರ ಹೆಸರುಗಳನ್ನು ಮೂರ್ತಿಗಳ ಪೀಠದ ಬಳಿ ಇಂದಿಗೂ ಓದಬಹುದು. ಸಣ್ಣ ಹಳಗನ್ನಡ ಅಕ್ಷರಗಳು ಫೋಟೊದಲ್ಲಿ ಗೀಚಿನಂತೆ, ಬಿರುಕಿನಂತೆ ಕಾಣುತ್ತವೆ. ಹೀಲ್ ಸಲಕರಣೆಯ ಒಂದು ಎಳೆತಕ್ಕೆ ಹೋಗಿಬಿಡುತ್ತವೆ. ಪೀಠದ ಭಾಗವನ್ನು ಶುಚಿ ಮಾಡುವ ಮೊದಲು ಪೂರ್ತಿ ದೊಡ್ಡದಾಗಿಸಿ ಓದಿ. ಅಕ್ಷರಗಳಿದ್ದರೆ ಆ ಜಾಗವನ್ನು ಮುಟ್ಟಬೇಡಿ. ಎರಕದ ಮೂರ್ತಿಗಳ ಪೀಠದ ಮೇಲೂ ಬರಹವಿರುತ್ತದೆ, ಹಾಗಾಗಿ ಲೋಹದ ರೂಪಕ್ಕೆ ಅದು ಅಡ್ಡಿಯೂ ಅಲ್ಲ.

ಮುರಿದ ಕೈ, ಮೂಗುಗಳನ್ನು ‘ಸರಿಪಡಿಸುವ’ ಆಸೆಯನ್ನೂ ಬಿಡಿ. ಒಂದೇ ಒತ್ತಿಗೆ ಲೋಹದ ಮೂರ್ತಿ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ನಾನು ಈ ಕೆಲಸಕ್ಕೆ ಶಿಫಾರಸು ಮಾಡದಿರುವುದು ಇದೇ ಕಾರಣಕ್ಕೆ. ಅವು ಮೂರ್ತಿಯನ್ನು ಹೊಸದಾಗಿ ಬರೆಯುತ್ತವೆ. ಮುದ್ರೆಯ ಬೆರಳು ಬದಲಾಗಬಹುದು, ಕೈಯಲ್ಲಿರುವ ಆಯುಧ ಬೇರೆಯದಾಗಬಹುದು. ಆಯುಧ ಬದಲಾದರೆ ದೇವತೆಯೇ ಬದಲಾದಂತೆ.

ಹಂತ 5: ಕಪ್ಪು ಬಿಳುಪು

‘ಶುಚಿ’ ಪದರದ ಪ್ರತಿ ಮಾಡಿ ‘ಬೂದು’ ಎಂದು ಹೆಸರಿಡಿ. ಬಳಪದ ಕಲ್ಲಿಗೆ ಕಲರ್ಸ್ > ಡಿಸ್ಯಾಚುರೇಟ್‌ನಲ್ಲಿ ಲ್ಯೂಮಿನೆನ್ಸ್ ಸಾಕು. ಕೆಂಪು ಜೇಡಿಮಣ್ಣಿನ ಮಾದರಿಯಾದರೆ ಅದೇ ಮೆನುವಿನ ಮೋನೋ ಮಿಕ್ಸರ್ ತೆರೆದು ಕೆಂಪಿನ ಪಾಲನ್ನು ಹೆಚ್ಚಿಸಿ, ನೀಲಿಯನ್ನು ಸೊನ್ನೆಗೆ ತನ್ನಿ. ಕೆಂಪು ವಸ್ತುವಿನ ಚಿತ್ರದಲ್ಲಿ ನೀಲಿ ಭಾಗ ಕಪ್ಪಾಗಿ ಕಣಕಣವಾಗಿರುತ್ತದೆ, ಕೆಂಪು ಭಾಗ ನಯವಾಗಿರುತ್ತದೆ.

ಲೆವೆಲ್ಸ್ ತೆರೆದು ಎರಡೂ ತುದಿಯ ತ್ರಿಕೋನಗಳನ್ನು ಗ್ರಾಫ್ ಆರಂಭವಾಗುವ ಮತ್ತು ಮುಗಿಯುವ ಜಾಗಕ್ಕೆ ಸರಿಸಿ. ಈಗ ಚಿತ್ರದಲ್ಲಿ ನಿಜವಾದ ಕಪ್ಪೂ ನಿಜವಾದ ಬಿಳಿಯೂ ಇವೆ.

ಹಂತ 6: ಅಲೆಯ ರೇಖೆ

ಕಲ್ಲು ಲೋಹವಾಗುವುದು ಇಲ್ಲಿ. ಅವಸರ ಬೇಡ.

‘ಬೂದು’ ಪದರದ ಎರಡು ಪ್ರತಿಗಳನ್ನು ಮಾಡಿ. ಕೆಳಗಿನದಕ್ಕೆ ‘ಹೊಳಪು’, ಮೇಲಿನದಕ್ಕೆ ‘ವಿವರ’ ಎಂದು ಹೆಸರಿಡಿ. ಹೊಳಪನ್ನೂ ವಿವರವನ್ನೂ ಬೇರೆ ಬೇರೆ ಪದರಗಳಲ್ಲಿ ನಿಭಾಯಿಸುವುದೇ ಈ ವಿಧಾನದ ಗುಟ್ಟು. ಪ್ರತಿಬಿಂಬದ ಪಟ್ಟಿಗಳು ದೊಡ್ಡ ಆಕಾರಗಳನ್ನು ಅನುಸರಿಸಬೇಕು. ಸಣ್ಣ ಸಣ್ಣ ಕಣಗಳನ್ನು ಅನುಸರಿಸಿದರೆ ಮೂರ್ತಿಗೆ ಹುಳು ಹಿಡಿದಂತೆ ಕಾಣುತ್ತದೆ.

‘ವಿವರ’ ಪದರದ ಕಣ್ಣನ್ನು ಸದ್ಯಕ್ಕೆ ಮುಚ್ಚಿ. ‘ಹೊಳಪು’ ಪದರಕ್ಕೆ ಗಾಸಿಯನ್ ಬ್ಲರ್ ಹಾಕಿ. 2000 ಪಿಕ್ಸೆಲ್ ಚಿತ್ರಕ್ಕೆ 6ರಿಂದ 10 ಸಾಕು, 4000 ಪಿಕ್ಸೆಲ್‌ಗೆ ಅದರ ಎರಡರಷ್ಟು. ಈಗ ಕಲರ್ಸ್ > ಕರ್ವ್ಸ್ ತೆರೆಯಿರಿ. ಕರ್ವ್ಸ್ ಎಂದರೆ ಯಾವ ಛಾಯೆ ಯಾವ ಛಾಯೆಯಾಗಬೇಕು ಎಂಬುದನ್ನು ಹೇಳುವ ರೇಖೆ. ಅಡ್ಡಲಾಗಿ ಇರುವುದು ಹಳೆಯ ಛಾಯೆ, ಲಂಬವಾಗಿ ಇರುವುದು ಹೊಸದು. ಎಡ ತುದಿ ಕಪ್ಪು, ಬಲ ತುದಿ ಬಿಳಿ. ಸಾಮಾನ್ಯ ತಿದ್ದುಪಡಿಗಳಲ್ಲಿ ಈ ರೇಖೆ ಏರುತ್ತಲೇ ಹೋಗುತ್ತದೆ. ನಾವು ಅದನ್ನು ನಡುವೆ ಇಳಿಸುತ್ತೇವೆ. ರೇಖೆ ಇಳಿದ ಕಡೆ ಬೆಳಕಿನ ಪಕ್ಕದಲ್ಲೇ ಕತ್ತಲಿನ ಪಟ್ಟಿ ಹುಟ್ಟುತ್ತದೆ. ತಂಬಿಗೆಯ ಮೇಲೆ ಕಂಡದ್ದು ಅದೇ.

0ರಿಂದ 100ರ ಅಳತೆಯಲ್ಲಿ ಕಂಚಿಗೆ ಈ ಬಿಂದುಗಳಿಂದ ಆರಂಭಿಸಿ (ಮೊದಲ ಸಂಖ್ಯೆ ಹಳೆಯ ಛಾಯೆ, ಎರಡನೆಯದು ಹೊಸದು):

0 ಇದ್ದದ್ದು 0
22 ಇದ್ದದ್ದು 34
42 ಇದ್ದದ್ದು 24
70 ಇದ್ದದ್ದು 80
84 ಇದ್ದದ್ದು 66
100 ಇದ್ದದ್ದು 100

ಕನ್ನಡಿಯಂತೆ ಮೆರುಗು ಕೊಟ್ಟ ಬೆಳ್ಳಿ ಬೇಕಿದ್ದರೆ ಅಲೆಯನ್ನು ಇನ್ನೂ ಎತ್ತರ ಮಾಡಿ: 20ಕ್ಕೆ 55, 40ಕ್ಕೆ 15, 65ಕ್ಕೆ 88, 80ಕ್ಕೆ 48. ಹಳೆಯ, ಕೈಸವೆತದ ಕಂಚು ಬೇಕಿದ್ದರೆ ಅಲೆ ತೀರಾ ಮೆಲುವಾಗಿರಲಿ, ನಡುವೆ ರೇಖೆ ಇಳಿಯದೆ ಸಮತಟ್ಟಾದರೂ ನಡೆಯುತ್ತದೆ.

ಈ ಅಂಕಿಗಳನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಪ್ರತಿ ಫೋಟೊದ ಬೆಳಕು ಬೇರೆ. ಒಂದೊಂದು ಬಿಂದುವನ್ನೂ ಹಿಡಿದು ಮೇಲೆ ಕೆಳಗೆ ಮೆಲ್ಲಗೆ ಎಳೆಯುತ್ತ, ಮೂರ್ತಿಯ ಮೈಮೇಲೆ ಪಟ್ಟಿಗಳು ಹರಿದಾಡುವುದನ್ನು ಗಮನಿಸಿ. ತೋಳಿನ ಉದ್ದಕ್ಕೂ, ತೊಡೆಯ ದುಂಡಿನ ಸುತ್ತ ಪಟ್ಟಿ ಹರಿದು ಬಂದು, ಕಲ್ಲಿನ ಮೈ ತಟ್ಟನೆ ನುಣುಪಾಗಿ ಕಾಣುವ ಒಂದು ಕ್ಷಣವಿದೆ. ಅಲ್ಲಿ ನಿಲ್ಲಿಸಿ.

ಈಗ ‘ವಿವರ’ ಪದರದ ಕಣ್ಣು ತೆರೆದು, ಫಿಲ್ಟರ್ಸ್ > ಎನ್‌ಹ್ಯಾನ್ಸ್ > ಹೈ ಪಾಸ್ ಹಾಕಿ. ಇದು ದೊಡ್ಡ ಬೆಳಕು ಕತ್ತಲುಗಳನ್ನು ತೆಗೆದು ಅಂಚುಗಳನ್ನು ಮಾತ್ರ ಉಳಿಸುತ್ತದೆ. ಚಿತ್ರ ಬೂದಿಯ ಮೇಲೆ ಗೆರೆ ಎಳೆದಂತಾಗುತ್ತದೆ. ಪದರದ ಮೋಡ್ ಅನ್ನು, ಅಂದರೆ ಅದು ಕೆಳಗಿನ ಪದರದೊಂದಿಗೆ ಬೆರೆಯುವ ಬಗೆಯನ್ನು, ಓವರ್‌ಲೇಗೆ ಬದಲಿಸಿದರೆ ಬೂದಿ ಮಾಯವಾಗಿ, ಮಣಿಗಳೂ ಬೆರಳಿನ ಗೆರೆಗಳೂ ಹೊಳಪಿನ ಮೇಲೆ ಮರಳಿ ಬರುತ್ತವೆ. ಸಾಲದಿದ್ದರೆ ಈ ಪದರದ ಇನ್ನೊಂದು ಪ್ರತಿ ಮಾಡಿ, ಅದರ ಅಪಾರದರ್ಶಕತೆಯನ್ನು (ಒಪಾಸಿಟಿ) ಅರ್ಧಕ್ಕಿಡಿ.

ಎಚ್ಚರಿಕೆ: ಮುಖ. ಅಲೆಯ ರೇಖೆ ತೋಳು ಕಾಲುಗಳಿಗೆ ಸೊಗಸು ತಂದರೂ ಮುಖಕ್ಕೆ ಬಂದಾಗ ಕೆನ್ನೆಯ ಮೇಲೆ ಕಪ್ಪು ಪಟ್ಟೆ ಎಳೆದು ಶಾಂತ ಮುಖವನ್ನು ಉಗ್ರವಾಗಿಸುತ್ತದೆ. ‘ಹೊಳಪು’ ಪದರಕ್ಕೆ ಮಾಸ್ಕ್ ಸೇರಿಸಿ, ಮುಖದ ಮೇಲೆ ಮೃದುವಾದ ಬ್ರಷ್‌ನಿಂದ ನಡು ಬೂದು ಬಣ್ಣ ಬಳಿಯಿರಿ. ಆಗ ಅಲ್ಲಿ ಅರ್ಧ ಹೊಳಪು, ಅರ್ಧ ಮೂಲ ಛಾಯೆ ಸೇರುತ್ತವೆ. ಶಿಲ್ಪಿ ಮುಖದಲ್ಲಿ ತಂದ ಭಾವ ನಿಮ್ಮ ಹೊಳಪಿಗಿಂತ ಮುಖ್ಯ.

ಹಂತ 7: ಸವೆತದ ಮಿನುಗು

ಪೂಜೆಯಲ್ಲಿರುವ ಉತ್ಸವಮೂರ್ತಿಯೊಂದನ್ನು ಅಲಂಕಾರವಿಲ್ಲದಿರುವಾಗ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದರೆ ಗಮನಿಸಿ. ಅಭಿಷೇಕ, ಒರೆಸುವ ಬಟ್ಟೆ, ಕೈಗಳ ಸ್ಪರ್ಶದಿಂದ ಮೂಗು, ಹುಬ್ಬು, ಮೊಣಕಾಲು, ಪಾದದ ಬೆರಳು, ಕಿರೀಟದ ಏಣುಗಳು ಸವೆದು ಮಿನುಗುತ್ತಿರುತ್ತವೆ. ಕೈ ಹೋಗದ ಸಂದುಗಳಲ್ಲಿ ಎಣ್ಣೆ, ಗಂಧ, ಧೂಳು ಕೂತು ಕಪ್ಪಾಗಿರುತ್ತದೆ. ನಾವು ಚಿತ್ರದಲ್ಲಿ ತರಬೇಕಾದದ್ದು ಇದನ್ನೇ.

ಹೊಸ ಪಾರದರ್ಶಕ ಪದರ ಸೇರಿಸಿ ಮೋಡ್ ಅನ್ನು ಸಾಫ್ಟ್ ಲೈಟ್‌ಗೆ ಇಡಿ. ಶೇಕಡಾ 10ರಷ್ಟು ಅಪಾರದರ್ಶಕತೆಯ ಮೃದು ಬ್ರಷ್‌ನಿಂದ, ಕೈ ತಾಗುವ ಉಬ್ಬುಗಳ ಮೇಲೆ ಬಿಳಿಯನ್ನೂ, ಮಡಿಕೆ ಮತ್ತು ಸಂದುಗಳಲ್ಲಿ ಕಪ್ಪನ್ನೂ ಹಲವು ಬಾರಿ ತೆಳುವಾಗಿ ಎಳೆಯಿರಿ. ಲೋಹದ ಮಿನುಗು ಕಿರಿದು, ನಡು ಹರಿತ, ಅಂಚು ಬೇಗ ಕರಗುವಂಥದ್ದು. ಅಗಲವಾದ ಬಿಳಿ ಮೋಡ ಹರಡಿದರೆ ಪ್ಲಾಸ್ಟಿಕ್ ಆಗುತ್ತದೆ. ಪ್ರತಿ ಮಣಿಗೂ ಬೆಳಕಿನ ದಿಕ್ಕಿನಲ್ಲಿ ಒಂದೊಂದು ಚುಕ್ಕೆ ಇಡುವುದು ತಾಳ್ಮೆಯ ಕೆಲಸ. ಆದರೆ ನೋಡುವವರು ಮೊದಲು ನಂಬುವುದು ಆ ಚುಕ್ಕೆಗಳನ್ನೇ.

ಇಲ್ಲಿಗೆ ಚಿತ್ರ ಇನ್ನೂ ಕಪ್ಪು ಬಿಳುಪಿನದು. ಅದನ್ನು ಯಾರಿಗಾದರೂ ತೋರಿಸಿ ‘ಇದು ಯಾವುದರಿಂದ ಮಾಡಿದ್ದು?’ ಎಂದು ಕೇಳಿ. ‘ಲೋಹ’ ಎಂಬ ಉತ್ತರ ಬರದಿದ್ದರೆ ಮುಂದೆ ಹೋಗಬೇಡಿ, ಆರನೆಯ ಹಂತಕ್ಕೆ ಮರಳಿ. ಬಣ್ಣ ಈ ಕೊರತೆಯನ್ನು ತುಂಬುವುದಿಲ್ಲ.

ಹಂತ 8: ಬಣ್ಣ

ಲೇಯರ್ > ನ್ಯೂ ಫ್ರಮ್ ವಿಸಿಬಲ್ ಒತ್ತಿ, ಬಂದ ಪದರವನ್ನು ಗ್ರೂಪ್‌ನೊಳಗೆ ಎಲ್ಲಕ್ಕಿಂತ ಮೇಲಿಡಿ. ಇದಕ್ಕೆ ಗ್ರೇಡಿಯೆಂಟ್ ಮ್ಯಾಪ್ ಹಾಕುತ್ತೇವೆ. ಗ್ರೇಡಿಯೆಂಟ್ ಮ್ಯಾಪ್ ಎಂದರೆ ಕಪ್ಪಿನಿಂದ ಬಿಳಿಯವರೆಗಿನ ಪ್ರತಿ ಛಾಯೆಗೂ ಒಂದೊಂದು ಬಣ್ಣವನ್ನು ನಿಗದಿಪಡಿಸುವ ಪಟ್ಟಿ. ಇಡೀ ಚಿತ್ರಕ್ಕೆ ಒಂದೇ ಕಂದು ಬಣ್ಣ ಹೊದಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ನೆರಳಿನಲ್ಲಿ ಕಂಚು ಕೆಂಪುಗಪ್ಪು, ಬೆಳಕಿನಲ್ಲಿ ಹೊಂಬಣ್ಣ.

ವಿಂಡೋಸ್ > ಡಾಕೆಬಲ್ ಡೈಲಾಗ್ಸ್ > ಗ್ರೇಡಿಯೆಂಟ್ಸ್ ತೆರೆದು ಹೊಸ ಗ್ರೇಡಿಯೆಂಟ್ ಮಾಡಿ, ಬಲ ಗುಂಡಿ ಒತ್ತಿ ಅದನ್ನು ಸಮನಾದ ನಾಲ್ಕು ಭಾಗಗಳಾಗಿ ಒಡೆಯಿರಿ. ಐದು ಬಿಂದುಗಳಿಗೆ ಕತ್ತಲಿನಿಂದ ಬೆಳಕಿನ ಕಡೆಗೆ ಈ ಬಣ್ಣಗಳನ್ನು ಕೊಡಿ. ಅಂಕಿಗಳು ಕೆಂಪು, ಹಸಿರು, ನೀಲಿಯ ಕ್ರಮದಲ್ಲಿ, 255ರ ಅಳತೆಯಲ್ಲಿವೆ.

ಕಂಚು: 20, 12, 8, ನಂತರ 75, 42, 20, 140, 88, 42, 214, 160, 90, ಕೊನೆಗೆ 255, 236, 190.

ತಾಮ್ರ: 28, 10, 6, ನಂತರ 96, 40, 24, 170, 86, 58, 228, 150, 118, ಕೊನೆಗೆ 250, 208, 192.

ಬೆಳ್ಳಿ: 12, 13, 15, ನಂತರ 62, 64, 68, 128, 130, 133, 200, 200, 198, ಕೊನೆಗೆ 252, 250, 245.

ಚಿನ್ನದ ಲೇಪ ಬೇಕಾದವರು ಕಂಚಿನ ಪಟ್ಟಿಯ ಕೊನೆಯ ಬಣ್ಣವನ್ನು 255, 226, 155 ಮಾಡಿ, ನಡುವಿನವನ್ನು ಸ್ವಲ್ಪ ಹಳದಿಯತ್ತ ಸರಿಸಿದರೆ ಸಾಕು.

ಗ್ರೇಡಿಯೆಂಟ್ ಆಯ್ಕೆಯಾಗಿರುವಾಗಲೇ ಕಲರ್ಸ್ > ಮ್ಯಾಪ್ > ಗ್ರೇಡಿಯೆಂಟ್ ಮ್ಯಾಪ್ ಒತ್ತಿ. ಯಾವ ಪಟ್ಟಿಯಲ್ಲೂ ಕೊನೆಯ ಬಣ್ಣ ಅಚ್ಚ ಬಿಳಿ ಅಲ್ಲ ಎಂಬುದನ್ನು ಗಮನಿಸಿ. ಲೋಹದ ಮಿನುಗು ತನ್ನ ಬಣ್ಣವನ್ನು ಬಿಟ್ಟುಕೊಡುವುದಿಲ್ಲ ಎಂದು ಮೊದಲು ಹೇಳಿದ್ದು ಇದಕ್ಕೇ. ತಾಮ್ರದ ಮೇಲೆ ಅಚ್ಚ ಬಿಳಿ ಮಿನುಗು ಇಟ್ಟರೆ ಅದು ಬಣ್ಣ ಹಚ್ಚಿ ವಾರ್ನಿಷ್ ಬಳಿದ ಫೈಬರ್ ಪ್ರತಿಮೆಯಾಗುತ್ತದೆ.

ಆಭರಣಗಳೇ ಹೆಚ್ಚಿರುವ ಹೊಯ್ಸಳ ಮೂರ್ತಿಗೆ ಬಿದ್ರಿಯ ರೂಪವೂ ಒಪ್ಪುತ್ತದೆ. ಬೀದರ್‌ನ ಕುಶಲಕರ್ಮಿಗಳು ಸತು ಹೆಚ್ಚಾಗಿ, ತಾಮ್ರ ಸ್ವಲ್ಪವಾಗಿ ಸೇರಿದ ಮಿಶ್ರಲೋಹಕ್ಕೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುತ್ತಾರೆ. ಲೋಹ ಕಪ್ಪಾದರೂ ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮೈಯನ್ನೆಲ್ಲ ಅಲೆಯಿಲ್ಲದ ಮಂದ ಕಪ್ಪಿನಲ್ಲಿಟ್ಟು, ಹಾರ, ಡಾಬು, ಕಿರೀಟಗಳಿಗೆ ಮಾತ್ರ ಮಾಸ್ಕ್ ಮೂಲಕ ಬೆಳ್ಳಿಯ ಪಟ್ಟಿ ಕೊಡಿ. ನನಗೆ ಕಂಚಿಗಿಂತ ಇದೇ ಹೆಚ್ಚು ಇಷ್ಟ.

ಹಂತ 9: ಕಿಲುಬು ಮತ್ತು ಸುತ್ತಲಿನ ಬೆಳಕು

ಇದು ಬೇಕಾದವರಿಗೆ ಮಾತ್ರ. ಬಯಲಿನಲ್ಲಿ ಮಳೆ ಗಾಳಿಗೆ ನಿಂತ ಕಂಚಿಗೆ ಹಸಿರು ಕಿಲುಬು ಬರುತ್ತದೆ. 90, 140, 120ರ ಬಣ್ಣ ತುಂಬಿದ ಪದರವನ್ನು ಸೇರಿಸಿ, ಕಪ್ಪು ಮಾಸ್ಕ್ ಹಾಕಿ, ನೀರು ನಿಲ್ಲುವ ಮಡಿಕೆಗಳಲ್ಲಿ ಮತ್ತು ನೀರು ಇಳಿಯುವ ಗೆರೆಗಳಲ್ಲಿ ಮಾತ್ರ ಬಿಳಿ ಬ್ರಷ್ ಆಡಿಸಿ. ನೀರು ಕೆಳಕ್ಕೆ ಹರಿಯುತ್ತದೆ, ಕಿಲುಬೂ ಹಾಗೆಯೇ ಇಳಿಯಬೇಕು. ಪೂಜೆಗೊಳ್ಳುವ ಮೂರ್ತಿಯೆಂದು ತೋರಿಸುವ ಚಿತ್ರದಲ್ಲಿ ಕಿಲುಬು ಬೇಡ. ದಿನವೂ ತೊಳೆದು ಒರೆಸುವ ಲೋಹಕ್ಕೆ ಅದು ಅಷ್ಟಾಗಿ ಹಿಡಿಯುವುದಿಲ್ಲ.

ಮೂರ್ತಿ ತಾನಿರುವ ಜಾಗಕ್ಕೆ ಸೇರಿದ್ದೆಂದು ಅನ್ನಿಸಬೇಕಾದರೆ ಆ ಜಾಗದ್ದೇ ಇನ್ನೊಂದು ಫೋಟೊವನ್ನು 60 ಪಿಕ್ಸೆಲ್ ಮಸುಕುಗೊಳಿಸಿ, ಮೇಲೆ ಸಾಫ್ಟ್ ಲೈಟ್ ಪದರವಾಗಿ ಶೇಕಡಾ 15ರಿಂದ 20ರಷ್ಟು ಅಪಾರದರ್ಶಕತೆಯಲ್ಲಿ ಸೇರಿಸಿ. ಆ ಫೋಟೊವನ್ನು ಫಿಲ್ಟರ್ಸ್ > ಮ್ಯಾಪ್ > ಡಿಸ್‌ಪ್ಲೇಸ್ ಮೂಲಕ ‘ಬೂದು’ ಪದರವನ್ನು ನಕ್ಷೆಯಾಗಿಟ್ಟುಕೊಂಡು 20ರಿಂದ 40 ಪಿಕ್ಸೆಲ್ ಬಾಗಿಸಿದರೆ ಪ್ರತಿಬಿಂಬ ಮೂರ್ತಿಯ ಮೈತಿರುವುಗಳನ್ನು ಅನುಸರಿಸುತ್ತದೆ.

ಹಂತ 10: ಹೊರತೆಗೆಯುವುದು, ಹೆಸರಿಸುವುದು, ಮುದ್ರಿಸುವುದು

ಚಿತ್ರವನ್ನು ಅಡ್ಡಡ್ಡ ತಿರುಗಿಸಿ ಒಮ್ಮೆ, ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿಸಿ ಒಮ್ಮೆ ನೋಡಿ. ತಿರುಗಿಸಿದಾಗ ತಪ್ಪು ಜಾಗದ ಮಿನುಗು ಕಣ್ಣಿಗೆ ಹೊಡೆಯುತ್ತದೆ. ಕುಗ್ಗಿಸಿದಾಗ ಒಟ್ಟು ನೋಟ ಲೋಹವೋ ಅಲ್ಲವೋ ತಿಳಿಯುತ್ತದೆ. ಹಿನ್ನೆಲೆಯಲ್ಲಿ ಕ್ಯಾಮೆರಾದ ಕಣವಿದ್ದು ಮೂರ್ತಿ ತೀರಾ ನಯವಾಗಿದ್ದರೆ, ಮೂರ್ತಿಗೂ ಅಷ್ಟೇ ಪ್ರಮಾಣದ ಸಣ್ಣ ನಾಯ್ಸ್ ಸೇರಿಸಿ. ಆಮೇಲೆ ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಬದಲಿಸಿ, 90ಕ್ಕಿಂತ ಹೆಚ್ಚಿನ ಗುಣಮಟ್ಟದ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಸಿಎಫ್ ಕಡತವನ್ನು ಬೇರೆಯಾಗಿ ಕಾಪಾಡಿ.

ಹಂಚಿಕೊಳ್ಳುವಾಗ ಚಿತ್ರದ ಕೆಳಗೆ ‘ಮೂಲ ಶಿಲ್ಪ ಬಳಪದ ಕಲ್ಲಿನದು, ಲೋಹದ ರೂಪ ಸಂಪಾದಿತ’ ಎಂದು ಶಿಲ್ಪವಿರುವ ಊರಿನ ಹೆಸರಿನೊಂದಿಗೆ ಬರೆಯಿರಿ. ಇದನ್ನು ಸೌಜನ್ಯದ ಮಾತೆಂದು ತಿಳಿಯಬೇಡಿ. ಹೆಸರಿಲ್ಲದ ಚಿತ್ರ ಕೈಯಿಂದ ಕೈಗೆ ಹೋಗಿ, ‘ಹೊಯ್ಸಳರ ಕಾಲದ ಕಂಚಿನ ವಿಗ್ರಹ’ ಎಂಬ ಸುಳ್ಳು ಮಾಹಿತಿಯಾಗಿ ಹರಡಲು ಹೆಚ್ಚು ಹೊತ್ತು ಬೇಕಿಲ್ಲ. ಪುರಾತನ ವಿಗ್ರಹಗಳ ಕಳವು, ನಕಲಿ ಮಾರಾಟಗಳು ನಡೆಯುವ ನಾಡಿನಲ್ಲಿ ಇಂಥ ಚಿತ್ರ ಮೋಸಗಾರರ ಕೈಗೂ ಸಿಗಬಹುದು. ಪ್ರತಿಮೆಯ ಸಮಿತಿಗೆ ಮಾದರಿ ತೋರಿಸುವ ಶಿಲ್ಪಿಗಳೂ ‘ಇದು ಅಂದಾಜು ರೂಪ, ಎರಕದ ನಂತರದ ಬಣ್ಣ ಬೇರೆಯಾಗಬಹುದು’ ಎಂದು ಬರೆದು ಕೊಡುವುದು ಒಳ್ಳೆಯದು.

ಮುದ್ರಣಕ್ಕೆ ಕೊಡುವವರು ಒಂದು ವಿಷಯ ತಿಳಿದಿರಬೇಕು. ಪರದೆ ಬೆಳಕನ್ನು ಹೊಮ್ಮಿಸುತ್ತದೆ, ಕಾಗದ ಹೊಮ್ಮಿಸುವುದಿಲ್ಲ. ಪರದೆಯಲ್ಲಿ ಮಿನುಗುವ ಕಂಚು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕು ಕಂದಾಗುತ್ತದೆ, ಕಡುನೆರಳುಗಳು ಒಂದಕ್ಕೊಂದು ಕೂಡಿ ಕಪ್ಪು ಮುದ್ದೆಯಾಗುತ್ತವೆ. ಮುದ್ರಣದ ಪ್ರತಿಗಾಗಿ ನೆರಳುಗಳನ್ನು ಕರ್ವ್ಸ್‌ನಲ್ಲಿ ಸ್ವಲ್ಪ ಮೇಲೆತ್ತಿ, ಮೂರ್ತಿಯ ಹಿಂದಿನ ಹಿನ್ನೆಲೆಯನ್ನು ಇನ್ನಷ್ಟು ಕಪ್ಪಾಗಿಸಿ. ಪಕ್ಕದ ಕತ್ತಲಿನಿಂದ ಮಿನುಗು ಹೆಚ್ಚಾಗಿ ಕಾಣುತ್ತದೆ. ಪೂರ್ತಿ ಮುದ್ರಿಸುವ ಮೊದಲು ಮುಖ ಮತ್ತು ಅತ್ಯಂತ ಕಪ್ಪಾದ ಮಡಿಕೆ ಎರಡೂ ಬರುವಂತೆ ಒಂದು ಸಣ್ಣ ಪಟ್ಟಿಯನ್ನು ಅದೇ ಕಾಗದದ ಮೇಲೆ ಮುದ್ರಿಸಿಕೊಡಲು ಕೇಳಿ, ಹಗಲ ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ.